ನಾಲ್ಕು ಗಂಟೆ ಹತ್ತು ನಿಮಿಷ, ಕೆಳದಡ

ಹೇಳಿಕೆ ಕೊಡುತ್ತಿರುವವನು ನಾನು, ದೋಣಿ ಕ್ಲಬ್ಬಿನಲ್ಲಿ ಎಲ್ಲರೂ ಗಾಬರಿ ಎಂದು ಕರೆಯುವವನು. ಪೂರ್ತಿ ಹೆಸರು ಗುರುತಿನ ಚೀಟಿಯಲ್ಲಿದೆ, ಅದರ ನಕಲು ಕೊಟ್ಟಿದ್ದೇನೆ. ವಯಸ್ಸು ನಲವತ್ತಾರು. ಕಸುಬು ಹಾಯಿ ಮತ್ತು ಟಾರ್ಪಾಲ್ ಹೊಲಿಯುವುದು. ವಾಸ ದೋಣಿ ಷೆಡ್ಡಿನ ಹಿಂದಿನ ರಸ್ತೆ, ಮೋಟಾರು ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಓದಿರುವುದು ಏಳನೇ ತರಗತಿ, ಅದೂ ನಡುವೆ ಎರಡು ವರ್ಷ ಬಿಟ್ಟು. ಓದಲು ಬರೆಯಲು ಬರುತ್ತದೆ. ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಬೇರೆಯವರು ಹೇಳುತ್ತಾರೆ.

ಇಂದು ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ಕೇಳಿದ್ದನ್ನೂ ಕೇಳದ್ದನ್ನೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ:

ಮುಖ್ಯ ಪೇದೆಯವರು ಮೊದಲಿನಿಂದ ಕ್ರಮವಾಗಿ ಹೇಳಬೇಕೆಂದರು. ಕ್ರಮವಾಗಿ ಹೇಳುತ್ತಾ ಹೋದರೆ ಮುಖ್ಯವಾದದ್ದು ಕೊನೆಗೆ ಬರುತ್ತದೆ, ಅಷ್ಟರಲ್ಲಿ ಬೆಳಕು ಹೋದರೆ ಎಂಬ ಹೆದರಿಕೆಯಿಂದ ಒಂದು ಮಾತನ್ನು ಮೊದಲೇ ಬರೆಸುತ್ತಿದ್ದೇನೆ. ಭಾನುವಾರದ ದೋಣಿ ಓಟದ ಅಂಕದ ಹಾಳೆಯಲ್ಲಿ ಕಾಣೆಯಾಗಿರುವ ನನ್ನ ಭಾವನ ಸಾಲಿನಲ್ಲಿ "ನಾಲ್ಕು ಗಂಟೆ ಹತ್ತು ನಿಮಿಷ, ಕೆಳದಡ" ಎಂದು ಬರೆದಿದೆ. ಅದು ನನ್ನ ಕೈಬರಹ. ನಾಲ್ಕು ಹತ್ತಕ್ಕೆ ನಾನು ಭಾವನನ್ನು ಕೆಳದಡದಲ್ಲಿ ನೋಡಿಲ್ಲ. ಬೇರೆ ಯಾರೂ ನೋಡಿದೆನೆಂದು ನನಗೆ ಹೇಳಿಲ್ಲ. ಅದು ನಾನು ಸುಮ್ಮನೆ ತುಂಬಿದ್ದು. ಆದ್ದರಿಂದ ಭಾವ ದಡಕ್ಕೆ ಬಂದು ಎಲ್ಲಿಗೋ ಹೋಗಿದ್ದಾರೆ ಎಂದುಕೊಂಡು ಕೆಳದಡದ ರಸ್ತೆಯಲ್ಲಿ, ಬಸ್ ನಿಲ್ದಾಣದಲ್ಲಿ ವಿಚಾರಿಸುತ್ತಿರುವವರನ್ನೆಲ್ಲ ಈಗಲೇ ಪಶ್ಚಿಮಕ್ಕೆ, ಓಟದ ಗುರುತಿಗೆ ತೇಲಿಬಿಟ್ಟಿರುವ ಮೇಲಿನ ಡ್ರಮ್ಮಿನ ಕಡೆಗೆ ಕಳಿಸಬೇಕು. ಮುಖ್ಯ ಪೇದೆಯವರು ಇದನ್ನು ಬರೆದುಕೊಂಡು, ಎದ್ದು ಹೋಗಿ ಫೋನು ಮಾಡಿ ಬಂದರು. ಆಗ ಗಂಟೆ ಎರಡು ಹದಿನಾಲ್ಕು. ಇನ್ನು ಕ್ರಮವಾಗಿ ಹೇಳುತ್ತೇನೆ.

ಕಾಣೆಯಾಗಿರುವ ನನ್ನ ಭಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸು ಐವತ್ತೊಂದು, ಬಾಗಿಲು ಕಿಟಕಿ ಮಾಡುವ ಬಡಗಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದೆ. ಅವರ ಮನೆ ಕೆಳದಡದಿಂದ ಆರುನೂರು ಮೀಟರು ದೂರ. ನಾನು ಒಬ್ಬಂಟಿ. ಬುಧವಾರ ಮತ್ತು ಭಾನುವಾರ ನನ್ನ ಊಟ ಅವರ ಮನೆಯಲ್ಲಿ. ಭಾವನ ದೋಣಿ ನೀಲಿ ಬಣ್ಣದ್ದು, ಅವರೇ ಮಾಡಿಕೊಂಡದ್ದು. ಅದರ ಹಾಯಿ ನಾನು ಹೊಲಿದದ್ದು, ಏಳು ಎಂಬ ಅಂಕಿಯನ್ನೂ ನಾನೇ ಕತ್ತರಿಸಿ ಹೊಲಿದದ್ದು.

ನಮ್ಮ ಹಿನ್ನೀರು ಮೂರೂವರೆ ಕಿಲೋಮೀಟರು ಉದ್ದ. ಪೂರ್ವದ ತುದಿಯಲ್ಲಿ ಅಣೆಕಟ್ಟು, ಅದರ ಪಕ್ಕದ್ದೇ ಕೆಳದಡ. ಕ್ಲಬ್ಬಿನ ಷೆಡ್ಡು ಉತ್ತರ ದಡದಲ್ಲಿದೆ. ಷೆಡ್ಡಿನ ಮೇಲೆ ಹಲಗೆಯ ಅಟ್ಟ, ಅಲ್ಲಿ ಒಂದು ಮೇಜು, ಗೋಡೆ ಗಡಿಯಾರ, ದುರ್ಬೀನು. ಅದು ನನ್ನ ಜಾಗ. ಷೆಡ್ಡಿನಿಂದ ಪಶ್ಚಿಮಕ್ಕೆ ಸಾವಿರದ ಒಂಬೈನೂರು ಮೀಟರಿನಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಡ್ರಮ್ಮನ್ನು ಲಂಗರು ಹಾಕಿ ತೇಲಿಬಿಟ್ಟಿದೆ, ಅದು ಮೇಲಿನ ಡ್ರಮ್ಮು. ಪೂರ್ವಕ್ಕೆ ಏಳುನೂರು ಮೀಟರಿನಲ್ಲಿ ಕೆಳಗಿನ ಡ್ರಮ್ಮು. ದೋಣಿಗಳು ಷೆಡ್ಡಿನ ಎದುರಿನ ಗೆರೆಯಿಂದ ಹೊರಟು, ಎರಡೂ ಡ್ರಮ್ಮುಗಳನ್ನು ಎರಡು ಸಲ ಸುತ್ತಿ ಮತ್ತೆ ಗೆರೆಗೆ ಬರಬೇಕು. ಮೇಲಿನ ಡ್ರಮ್ಮಿನಿಂದ ದಕ್ಷಿಣಕ್ಕೆ ನಾನೂರು ಮೀಟರಿನಲ್ಲಿ ಒಂದು ಬಂಡೆ ಗುಡ್ಡ ನೀರಿಗೆ ಚಾಚಿಕೊಂಡಿದೆ. ಅದರ ಹಿಂದೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ತಲೆಗಳು ನೀರಿನಿಂದ ಮೇಲೆ ಕಾಣುತ್ತವೆ. ಅಟ್ಟದಿಂದ ಆ ಜಾಗ ಕಾಣುವುದಿಲ್ಲ. ಯಾವ ದಡದ ರಸ್ತೆಯಿಂದಲೂ ಕಾಣುವುದಿಲ್ಲ.

ವರ್ಷಕ್ಕೆ ಹತ್ತು ಭಾನುವಾರ ಹತ್ತು ಓಟ. ದೋಣಿಗಳು ಹದಿನಾಲ್ಕು. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಹೀಗೆ. ಕಡಿಮೆ ಅಂಕ ಇದ್ದವರೇ ಗೆದ್ದವರು. ಓಟ ಮುಗಿಸದವರಿಗೆ ಹದಿನೈದು ಅಂಕ. ಆದರೆ ಪ್ರತಿಯೊಬ್ಬರೂ ಹತ್ತರಲ್ಲಿ ತಮ್ಮ ಕೆಟ್ಟ ಎರಡು ಓಟಗಳನ್ನು ಲೆಕ್ಕದಿಂದ ತೆಗೆದುಹಾಕಬಹುದು. ಉಳಿದ ಎಂಟರ ಮೊತ್ತವೇ ಅಂತಿಮ. ಇದನ್ನು ಬರೆಯುವ ಕೆಲಸ ಹನ್ನೊಂದು ವರ್ಷದಿಂದ ನನ್ನದು. ನಾನು ಪ್ರತಿ ಮೊತ್ತವನ್ನೂ ಮೂರು ಸಲ ಕೂಡಿಸುತ್ತೇನೆ. ಒಮ್ಮೆಯೂ ತಪ್ಪು ಬಂದಿಲ್ಲ. ಗಾಬರಿ ಸ್ವಭಾವದವನಿಗೇ ಈ ಕೆಲಸ ಸರಿ ಎಂದು ಭಾವನೇ ನನ್ನ ಹೆಸರು ಸೂಚಿಸಿದ್ದರು.

ಒಂಬತ್ತನೇ ನಿಯಮದ ವಿಷಯ ಹೇಳಬೇಕು. ಓಟವನ್ನು ನಡುವೆ ಬಿಟ್ಟು ಬೇರೆ ದಡಕ್ಕೆ ಹೋಗುವವರು ಅಟ್ಟಕ್ಕೆ ಫೋನಿನಲ್ಲೋ ಖುದ್ದಾಗಿಯೋ ತಿಳಿಸಲೇಬೇಕು, ತಿಳಿಸದಿದ್ದರೆ ಹದಿನೈದು ಅಂಕದ ಜೊತೆಗೆ ಆ ಓಟವನ್ನು ತೆಗೆದುಹಾಕುವ ಎರಡರಲ್ಲಿ ಸೇರಿಸುವಂತಿಲ್ಲ ಎಂದು ಮೊದಲಿನ ನಿಯಮ ಇತ್ತು. ಬಹಳ ಕಠಿಣ ಎಂದು ಎಲ್ಲರೂ ಗೊಣಗುತ್ತಿದ್ದರು. ಕ್ಲಬ್ಬು ಶುರುಮಾಡಿದ ಹಿರಿಯರು ಈಗಿಲ್ಲ. ಇದು ಅಂಕಕ್ಕೆ ಮಾಡಿದ ನಿಯಮ ಅಲ್ಲ, ತಲೆ ಎಣಿಸುವುದಕ್ಕೆ ಮಾಡಿದ್ದು ಎಂದು ಅವರು ನನಗೆ ಕೆಲಸ ಒಪ್ಪಿಸಿದ ದಿನ ಹೇಳಿದ್ದರು. ನಾನು ಹೂಂ ಎಂದಿದ್ದೆ.

ಈ ವರ್ಷ ನಾಲ್ಕನೇ ಓಟದಲ್ಲಿ ಭಾವನ ಹಾಯಿ ಹರಿಯಿತು. ಅವರು ನೇರ ಕೆಳದಡಕ್ಕೆ ಹೋಗಿ, ದೋಣಿ ಎಳೆದು ಹಾಕಿ, ಮನೆಗೆ ಹೋಗಿ ಮಲಗಿದರು. ಫೋನು ಮಾಡಲಿಲ್ಲ. ಆ ದಿನ ನಾನು ಒಂದೂಕಾಲು ಗಂಟೆ ಮೋಟಾರು ದೋಣಿಯಲ್ಲಿ ಅವರನ್ನು ಹುಡುಕಿಸಿದೆ. ಸಂಜೆ ಮನೆಗೆ ಹೋಗಿ ನೋಡಿದರೆ ಗೊರಕೆ ಹೊಡೆಯುತ್ತಿದ್ದರು. ನಿಯಮದ ಪ್ರಕಾರ ಹದಿನೈದು ಅಂಕ ಹಾಕಿ, ತೆಗೆಯುವಂತಿಲ್ಲ ಎಂದು ಷರಾ ಬರೆದೆ. ಹಾಗೆ ಬರೆದರೆ ಅವರು ಈ ವರ್ಷ ಗೆಲ್ಲುವ ಆಸೆ ಬಿಡಬೇಕು ಎಂದು ಗೊತ್ತಿದ್ದೇ ಬರೆದೆ. ಮುಂದಿನ ಬುಧವಾರ ಊಟಕ್ಕೆ ಕೂತಾಗ ಭಾವ ಹೇಳಿದ ಮಾತು ಇದು:

"ಅಂಕ ಹಾಕೋನು ನೀನು, ಅನ್ನ ಹಾಕೋಳು ನಿನ್ನಕ್ಕ. ಇಬ್ಬರಲ್ಲಿ ಯಾರ ಕೈ ಧಾರಾಳ, ನೀನೇ ನೋಡ್ಕೋ."

ಅವರು ನಗುತ್ತಲೇ ಹೇಳಿದರು. ಅಕ್ಕ ನಗಲಿಲ್ಲ. ಅಕ್ಕ ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ, ಊಟಕ್ಕೆ ಹೋದ ದಿನ ಬಡಿಸಿದಳು ಅಷ್ಟೇ. ಯಾರಾದರೂ ನನ್ನ ಮೇಲೆ ಮುನಿಸಿಕೊಂಡರೆ ಅದನ್ನು ಸರಿಮಾಡುವವರೆಗೆ ನಾನು ಬೇರೆ ಕೆಲಸ ಹಿಡಿಯುವುದಿಲ್ಲ, ಇದು ಚಿಕ್ಕಂದಿನಿಂದ ಇದೆ. ಹನ್ನೆರಡನೇ ದಿನ ನಾನು ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಹೋಗಿ ಒಂಬತ್ತನೇ ನಿಯಮವನ್ನು ಸ್ವಲ್ಪ ಸಡಿಲ ಮಾಡಬಹುದೇ ಎಂದು ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಸಮಿತಿಯ ಐದು ಜನ ಹತ್ತು ನಿಮಿಷದಲ್ಲಿ ಕೈ ಎತ್ತಿದರು. ಆ ಐವರಲ್ಲಿ ನಾಲ್ವರು ಒಂದಲ್ಲ ಒಂದು ಸಲ ಹೇಳದೆ ಮನೆಗೆ ಹೋದವರೇ. ಹೊಸ ನಿಯಮವನ್ನು ಬರೆದದ್ದೂ ನಾನೇ. ಹೇಳದೆ ಹೋದವರನ್ನೂ ಓಟ ಬಿಟ್ಟವರೆಂದೇ ಎಣಿಸಿ ಹದಿನೈದು ಅಂಕ ಕೊಡುವುದು, ಆ ಓಟವನ್ನು ಬೇಕಿದ್ದರೆ ತೆಗೆದುಹಾಕಬಹುದು, ಬಿಟ್ಟ ಸಮಯ ಮತ್ತು ತಲುಪಿದ ದಡವನ್ನು ಅಂಕ ಬರೆಯುವವನು ತನಗೆ ತಿಳಿದ ಮಟ್ಟಿಗೆ ತುಂಬುವುದು ಎಂದು ಬರೆದೆ. ನಾಲ್ಕನೇ ಓಟಕ್ಕೂ ಅದೇ ಅನ್ವಯ ಎಂದು ಸೇರಿಸಿದೆ. ಅಂದು ರಾತ್ರಿ ಅಕ್ಕ ನನ್ನನ್ನು ಪುಟ್ಟ ಎಂದು ಕರೆದು ಇನ್ನೊಂದು ಸೌಟು ಬಡಿಸಿದಳು.

ಐದನೇ ಓಟದಿಂದ ಒಂಬತ್ತನೇ ಓಟದವರೆಗೆ ನಾನು ಹೀಗೆ ಹನ್ನೊಂದು ಸಲ ಸಮಯ ಮತ್ತು ದಡ ತುಂಬಿದ್ದೇನೆ. ಖಾಲಿ ಬಿಡುವಂತಿರಲಿಲ್ಲ, ಏಕೆಂದರೆ ಹಾಳೆಯನ್ನು ಕ್ಲಬ್ಬಿನ ಗುಮಾಸ್ತೆ ಕಂಪ್ಯೂಟರಿಗೆ ಹಾಕುತ್ತಾಳೆ, ಆ ಎರಡು ಕಾಲಂ ಖಾಲಿ ಇದ್ದರೆ ಅದು ಮೊತ್ತ ಕೊಡುವುದಿಲ್ಲ. ಮೊದಮೊದಲು ನಾನು ಅವರವರ ಮನೆಗೆ ಫೋನು ಮಾಡಿ ಕೇಳಿ ತುಂಬಿದೆ. ಆಮೇಲಾಮೇಲೆ ಯಾರ ಮನೆ ಯಾವ ದಡಕ್ಕೆ ಹತ್ತಿರ ಎಂದು ನೋಡಿ ತುಂಬಿದೆ. ಹನ್ನೊಂದು ಸಲವೂ ಅವರೆಲ್ಲ ಮನೆಯಲ್ಲೇ ಇದ್ದರು.

ಈಗ ಭಾನುವಾರದ ವಿಷಯ. ಅಂದು ಹತ್ತನೇ ಓಟ, ಕೊನೆಯದು. ಬೆಳಿಗ್ಗೆ ಎಂಟೂವರೆಗೆ ನಾನು ಮೊತ್ತ ಹಾಕಿ ನೋಡಿದ್ದೆ. ಭಾವನಿಗೆ ಎದುರಾಳಿ ಎಂದರೆ ಹಲ್ಲಿನ ಡಾಕ್ಟರು ಒಬ್ಬರೇ. ಡಾಕ್ಟರು ಅಂದು ಮೊದಲು ಬಂದರೂ ಕೆಟ್ಟ ಎರಡು ತೆಗೆದ ಮೇಲೆ ಅವರ ಮೊತ್ತ ಹದಿನಾಲ್ಕು. ಭಾವ ಅಂದು ನೀರಿಗೆ ಇಳಿಯದೆ ಮನೆಯಲ್ಲೇ ಇದ್ದರೂ, ನಾಲ್ಕನೇ ಓಟದ ಹದಿನೈದು ಮತ್ತು ಅಂದಿನ ಹದಿನೈದು ಎರಡನ್ನೂ ತೆಗೆದರೆ ಅವರ ಮೊತ್ತ ಹದಿಮೂರು. ಅಂದರೆ ಭಾವ ಆಗಲೇ ಗೆದ್ದಾಗಿತ್ತು. ಇದನ್ನು ನಾನು ಮಧ್ಯಾಹ್ನ ಒಂದೂ ಮುಕ್ಕಾಲಕ್ಕೆ ದೋಣಿಗಳ ಹತ್ತಿರ ಹೋಗಿ ಭಾವನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಎಲ್ಲರಿಗೂ ಕೇಳಿಸಿತು. ಭಾವ ಡಾಕ್ಟರ ಕಡೆ ತಿರುಗಿ, ಡಾಕ್ಟ್ರೇ, ನೀವು ಇವತ್ತು ಮುಂದೆ ಹೋದರೂ ಎರಡನೇದು, ಹಿಂದೆ ಬಿದ್ದರೂ ಎರಡನೇದು, ನಿಧಾನಕ್ಕೆ ಗಾಳಿ ತಗೊಂಡು ಬನ್ನಿ ಎಂದರು. ಡಾಕ್ಟರು, ಬಾಯಿ ಜಾಸ್ತಿ ಆದವರ ಹಲ್ಲು ನನ್ನ ಕೈಗೇ ಬರೋದು ಎಂದರು. ಎಲ್ಲರೂ ನಕ್ಕರು. ಹಾಗಾದರೆ ಮನೆಗೆ ಹೋಗಿ ಭಾವ, ಯಾಕೆ ಸುಮ್ಮನೆ ಒದ್ದೆಯಾಗುತ್ತೀರಿ ಎಂದು ನಾನು ಕೇಳಿದೆ. ಗೆದ್ದ ಮೇಲೆ ಓಡುವುದೇ ಸುಖ, ಎದೆಯಲ್ಲಿ ಢವಢವ ಇರುವುದಿಲ್ಲ, ನಿನಗೆ ಅದು ಅರ್ಥವಾಗುವುದಿಲ್ಲ ಬಿಡು ಎಂದರು. ಲೈಫ್ ಜಾಕೆಟ್ ಹಾಕಿಕೊಂಡಿದ್ದರು, ಎರಡೂ ಪಟ್ಟಿ ಬಿಗಿದಿತ್ತು, ಅದನ್ನು ನಾನು ನೋಡಿದ್ದೇನೆ.

ಎರಡೂವರೆಗೆ ಓಟ ಶುರುವಾಯಿತು. ಗಾಳಿ ಉತ್ತರದಿಂದ ಇತ್ತು. ಎರಡನೇ ಸುತ್ತಿನಲ್ಲಿ ಮೂರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಭಾವನ ದೋಣಿ ಮೂರನೆಯದಾಗಿ ಮೇಲಿನ ಡ್ರಮ್ಮನ್ನು ಸುತ್ತುತ್ತಿರುವುದನ್ನು ದುರ್ಬೀನಿನಲ್ಲಿ ನೋಡಿದೆ. ಏಳು ಎಂಬ ಅಂಕಿ ಸ್ಪಷ್ಟವಾಗಿತ್ತು. ನೋಡಿದ್ದು ಇದು, ಬರೆದದ್ದೂ ಇದೆ, ಹಾಳೆಯ ಮೂರನೇ ಕಾಲಂನಲ್ಲಿ. ಆದರೆ ಆ ಕಾಲಂ ಕ್ರಮಾಂಕಕ್ಕೆ ಮಾತ್ರ, ಮೂರು ಎಂಬ ಅಂಕಿಯ ಪಕ್ಕ ಸಮಯವನ್ನು ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದೇನೆ, ಹುಡುಕಿದರೆ ಕಾಣುತ್ತದೆ.

ಮೂರು ಇಪ್ಪತ್ತಾರಕ್ಕೆ ಗಾಳಿ ಒಮ್ಮೆಲೇ ಜೋರಾಯಿತು. ಅಟ್ಟದ ತಗಡು ಬಡಿದುಕೊಂಡಿತು. ಕೆಳಗಿನ ಡ್ರಮ್ಮಿನ ಹತ್ತಿರ ಮೂರು ದೋಣಿಗಳು ನನ್ನ ಕಣ್ಣೆದುರೇ ಮಗುಚಿದವು. ನಾನು ದುರ್ಬೀನನ್ನು ಆ ಕಡೆ ತಿರುಗಿಸಿದೆ. ಕ್ಲಬ್ಬಿನಲ್ಲಿ ಈಜು ಕಲಿಸುವ ಮೇಡಂ ಮೋಟಾರು ದೋಣಿ ಓಡಿಸುತ್ತಾರೆ, ಅವರು ಅಲ್ಲಿಗೆ ಹೋಗಿ ಮೂರೂ ದೋಣಿಯವರನ್ನು ಎತ್ತಿದರು. ಅದು ಮುಗಿಯುವವರೆಗೆ, ಸುಮಾರು ಇಪ್ಪತ್ತೈದು ನಿಮಿಷ, ನಾನು ಪಶ್ಚಿಮಕ್ಕೆ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ.

ಮೂರು ಐವತ್ತೆಂಟಕ್ಕೆ ಡಾಕ್ಟರು ಮೊದಲಿಗರಾಗಿ ಗೆರೆ ದಾಟಿದರು. ಮೊದಲನೆಯವರು ಬಂದು ಅರ್ಧ ಗಂಟೆಗೆ ಗೆರೆ ಮುಚ್ಚುವುದು ನಿಯಮ. ನಾಲ್ಕು ಇಪ್ಪತ್ತೆಂಟಕ್ಕೆ ಮುಚ್ಚಿದೆ. ಮುಗಿಸಿದವರು ಒಂಬತ್ತು. ಬಿಟ್ಟೆವೆಂದು ತಿಳಿಸಿದವರು ನಾಲ್ಕು, ಮಗುಚಿದ ಮೂವರು ಸೇರಿ. ಉಳಿದದ್ದು ಒಂದು ಸಾಲು, ಏಳನೇ ನಂಬರು. ಮೇಲಿನ ಸಾಲಿನಲ್ಲಿ ಒಬ್ಬರು ನಾಲ್ಕು ಗಂಟೆ ಐದು ನಿಮಿಷಕ್ಕೆ ಉತ್ತರ ದಡ ಎಂದು ಫೋನಿನಲ್ಲಿ ತಿಳಿಸಿದ್ದನ್ನು ಬರೆದಿದ್ದೆ. ಅದರ ಕೆಳಗೆ ನಾಲ್ಕು ಹತ್ತು ಎಂದು ಬರೆದೆ. ಯಾಕೆ ನಾಲ್ಕು ಹತ್ತು ಎಂದು ಮುಖ್ಯ ಪೇದೆಯವರು ಈಗ ಎರಡು ಸಲ ಕೇಳಿದರು. ಮೇಲೆ ನಾಲ್ಕು ಐದು ಇತ್ತು, ಅದಕ್ಕೆ. ಬೇರೆ ಕಾರಣ ಇಲ್ಲ. ಅವರ ಮನೆ ಆ ಕಡೆ ಎಂದು ಕೆಳದಡ ಎಂದು ಬರೆದೆ. ಭಾವನ ಫೋನಿಗೆ ಒಂದು ಸಲ ಮಾಡಿದೆ, ತಗೊಳ್ಳಲಿಲ್ಲ. ಅವರು ದೋಣಿಯಲ್ಲಿ ಫೋನನ್ನು ಡಬ್ಬಿಯೊಳಗೆ ಮುಚ್ಚಿಡುತ್ತಾರೆ, ಆದ್ದರಿಂದ ಅದನ್ನು ವಿಶೇಷವೆಂದುಕೊಳ್ಳಲಿಲ್ಲ.

ನಾಲ್ಕು ನಲವತ್ತಕ್ಕೆ ಈಜಿನ ಮೇಡಂ ಮೆಟ್ಟಿಲ ಕೆಳಗೆ ನಿಂತು ಎಲ್ಲಾ ಬಂದರೇ, ಮೋಟಾರು ದೋಣಿ ಮೇಲೆ ಎಳೆಯಲೇ ಎಂದು ಕೇಳಿದರು. ಎಲ್ಲಾ ಆಯಿತು ಎಂದೆ. ಅವರು ದಡದಲ್ಲಿದ್ದ ದೋಣಿಗಳನ್ನು ಎಣಿಸಿ, ನಿಮ್ಮ ಭಾವನದು ಕಾಣುವುದಿಲ್ಲವಲ್ಲ ಎಂದರು. ನಾನು ಹೇಳಿದ್ದು ಇಷ್ಟು:

"ಅವರಿಗೆ ಬೇಕಿಲ್ಲದ ಓಟ ಮೇಡಂ. ಕೆಳದಡಕ್ಕೆ ಹೋಗಿ ಮಲಗಿರ್ತಾರೆ."

ಮೇಡಂ ನಕ್ಕು ಮೋಟಾರು ದೋಣಿಯನ್ನು ಎಳೆದು ಹಾಕಿಸಿದರು. ಅವರದೇನೂ ತಪ್ಪಿಲ್ಲ, ಇದನ್ನು ಖಂಡಿತ ಬರೆದುಕೊಳ್ಳಬೇಕು. ಹಳೆಯ ನಿಯಮ ಇದ್ದಿದ್ದರೆ, ನಾಲ್ಕನೇ ಓಟದಲ್ಲಿ ಪೆಟ್ಟು ತಿಂದ ಭಾವ ಮತ್ತೆ ಫೋನು ಮಾಡದೆ ಇರುವುದಿಲ್ಲ ಎಂದು ನಾನು ಯೋಚಿಸಿರುತ್ತಿದ್ದೆ. ಫೋನು ಬರಲಿಲ್ಲ ಎಂದರೆ ಏನೋ ಆಗಿದೆ ಎಂದು ತಿಳಿಯುತ್ತಿತ್ತು. ಹೊಸ ನಿಯಮದಲ್ಲಿ ಫೋನು ಬರದಿದ್ದರೆ ಏನೂ ಆಗಿಲ್ಲ ಎಂದೇ ಎಲ್ಲರ ಅಭ್ಯಾಸ.

ಐದೂಕಾಲಿಗೆ ಬಹುಮಾನ ಕೊಟ್ಟರು. ಮೊದಲ ಬಹುಮಾನಕ್ಕೆ ಕರೆದಾಗ ಭಾವ ಇಲ್ಲದ್ದರಿಂದ ನಾನು ಹೋಗಿ ಕಪ್ಪು ತೆಗೆದುಕೊಂಡೆ. ಗೆದ್ದವನು ನಿದ್ದೆ ಮಾಡುತ್ತಾನೆ, ಗೆಲ್ಲಿಸಿದವನು ಕಪ್ಪು ಹೊರುತ್ತಾನೆ ಎಂದು ಡಾಕ್ಟರು ಎಲ್ಲರೆದುರು ಚುಚ್ಚಿದರು. ಎಲ್ಲರ ಜೊತೆ ನಾನೂ ನಕ್ಕೆ.

ಐದು ಐವತ್ತಕ್ಕೆ ಅಕ್ಕನ ಮನೆ ತಲುಪಿದೆ. ಬಾಗಿಲು ತೆರೆದವಳು ಅಕ್ಕ. ಕೈಯಲ್ಲಿ ಕಪ್ಪು ನೋಡಿ ಅವಳ ಮುಖ ಅರಳಿತು. ನನ್ನ ಹೆಗಲ ಮೇಲಿಂದ ರಸ್ತೆಯ ಕಡೆ ನೋಡಿ, ಇವರು ಹಿಂದೆ ಬರುತ್ತಿದ್ದಾರಾ ಎಂದು ಕೇಳಿದಳು. ಭಾವ ಮಲಗಿಲ್ಲವಾ ಎಂದು ನಾನು ಕೇಳಿದೆ.  ಒಳಗೆ ಮೇಜಿನ ಮೇಲೆ ಮೂರು ಲೋಟ ಇಟ್ಟಿದ್ದಳು. ನಾನು ಕಪ್ಪನ್ನು ಅಲ್ಲೇ ಚಪ್ಪಲಿ ಬಿಡುವ ಜಾಗದಲ್ಲಿ ಇಟ್ಟು ಕೆಳದಡಕ್ಕೆ ಓಡಿದೆ. ಅಲ್ಲಿ ನೀಲಿ ದೋಣಿ ಇರಲಿಲ್ಲ. ದೋಣಿ ಎಳೆದ ಗುರುತೂ ಮಣ್ಣಿನಲ್ಲಿ ಇರಲಿಲ್ಲ. ಆರು ಗಂಟೆ ಎಂಟು ನಿಮಿಷಕ್ಕೆ ಕಾರ್ಯದರ್ಶಿಗೆ ಫೋನು ಮಾಡಿದೆ, ಅವರು ರಕ್ಷಣಾ ದಳಕ್ಕೆ ಮಾಡಿದರು.

ಆರು ಮೂವತ್ತೈದಕ್ಕೆ ರಕ್ಷಣಾ ದಳ ಬಂತು. ಆಗಲೇ ಬೆಳಕು ಕಡಿಮೆಯಾಗಿತ್ತು. ದಳದ ಮುಖ್ಯಸ್ಥರು ಕಾರಿನ ಬಾನೆಟ್ಟಿನ ಮೇಲೆ ನಕ್ಷೆ ಹಾಸಿ, ಕೊನೆಗೆ ಎಲ್ಲಿ ಯಾವಾಗ ಕಂಡದ್ದು ಎಂದು ಕೇಳಿದರು. ಕಾರ್ಯದರ್ಶಿ ನನ್ನ ಹಾಳೆಯನ್ನು ಕೊಟ್ಟರು. ಮುಖ್ಯಸ್ಥರು ನಾಲ್ಕು ಹತ್ತು, ಕೆಳದಡ ಎಂದು ಓದಿ, ಕೆಳದಡದ ಮುಂದೆ ಪೆನ್ನಿನಿಂದ ಒಂದು ವೃತ್ತ ಎಳೆದರು. ದಡ ಹತ್ತಿದಂತೆ ಕಂಡು ಮತ್ತೆ ನೀರಿಗೆ ಹೋಗಿರಬೇಕು, ಅಣೆಕಟ್ಟಿನ ಕಡೆಗೆ ಹೋಗಿರಬೇಕು ಎಂದರು. ಆಮೇಲೆ ನನ್ನನ್ನು ನೋಡಿ, ಇದನ್ನು ಬರೆದವರು ನೀವೇ ತಾನೇ, ಇದು ಸರಿಯಾಗಿದೆಯಾ ಎಂದು ಕೇಳಿದರು.

"ನಾನೇ ಬರೆದಿದ್ದು ಸಾರ್" ಎಂದೆ.

ಸರಿಯಾಗಿದೆ ಎಂದು ಹೇಳಲಿಲ್ಲ. ಸರಿಯಿಲ್ಲ ಎಂದೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ನನ್ನ ಹಾಳೆಯಲ್ಲಿ ತಪ್ಪು ಬಂದಿರಲಿಲ್ಲ ಎಂಬುದು ಒಂದು. ಹನ್ನೊಂದು ಸಲ ಸುಮ್ಮನೆ ಬರೆದದ್ದು ನಿಜವೇ ಆಗಿದ್ದರಿಂದ ಇದೂ ನಿಜವಿರಬಹುದು ಎಂದು ಅನ್ನಿಸಿದ್ದು ಇನ್ನೊಂದು. ಐದಾರು ಜನ ಟಾರ್ಚು ಹಿಡಿದು ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಮುಖ್ಯಸ್ಥರು ನಕ್ಷೆ ಮಡಚಿದರು. ಅಂದು ಇದ್ದ ಬೆಳಕಿನಲ್ಲಿ ಮೂವತ್ತೈದು ನಿಮಿಷ, ಸೋಮವಾರ ಬೆಳಿಗ್ಗೆ ಆರರಿಂದ ಸಂಜೆ ಆರೂವರೆಯವರೆಗೆ ಎರಡು ದೋಣಿ, ನಾಲ್ಕು ಜನ ಮುಳುಗಿ ಹುಡುಕುವವರು, ಎಲ್ಲವೂ ಅಣೆಕಟ್ಟಿನ ಕಡೆ. ಏನೂ ಸಿಗಲಿಲ್ಲ. ನಾನು ಸೋಮವಾರ ಇಡೀ ದಿನ ಆ ದಡದಲ್ಲೇ ನಿಂತಿದ್ದೆ. ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ದಳದ ಒಬ್ಬರಿಗೆ ಮೇಲಿನ ಕಡೆಯೂ ಒಮ್ಮೆ ನೋಡಬಹುದಲ್ಲವೇ ಎಂದೆ. ಹಾಳೆಯಲ್ಲಿ ಇರುವುದನ್ನು ಬಿಟ್ಟು ಎಲ್ಲೆಲ್ಲೋ ನೋಡುತ್ತಾ ಹೋದರೆ ಆಗುವುದಿಲ್ಲ ಯಜಮಾನರೇ ಎಂದರು. ಆಗಲಾದರೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಇಂದು ಬೆಳಿಗ್ಗೆ ಏಳೂ ಕಾಲಿಗೆ ಮೀನಿನ ಬಲೆ ಎತ್ತಲು ಹೋದ ಒಬ್ಬರು ಬಂಡೆ ಗುಡ್ಡದ ಹಿಂದೆ, ಮುಳುಗಿದ ಮರಗಳ ನಡುವೆ ನೀಲಿ ದೋಣಿಯನ್ನು ಕಂಡರು. ನಾನೂ ಮೋಟಾರು ದೋಣಿಯಲ್ಲಿ ಹೋದೆ. ದೋಣಿ ಬೋರಲಾಗಿತ್ತು. ಹಾಯಿಕಂಬ ಮುರಿದು ಕೊಂಬೆಗಳಲ್ಲಿ ಸಿಕ್ಕಿಕೊಂಡಿತ್ತು. ದೋಣಿಯ ಮೂತಿಯ ಹಗ್ಗವನ್ನು ಒಂದು ಮರದ ಬೊಡ್ಡೆಗೆ ಎರಡು ಸುತ್ತು ಸುತ್ತಿ ಗಂಟು ಹಾಕಿತ್ತು. ಆ ಗಂಟು ಭಾವನದು, ಬಾಗಿಲ ಚೌಕಟ್ಟು ಸಾಗಿಸುವಾಗ ಅವರು ಹಾಕುವುದು ಅದನ್ನೇ. ಅದರ ಮೇಲಿನ ಕೊಂಬೆಗೆ, ನೀರಿನಿಂದ ಸುಮಾರು ಏಳು ಅಡಿ ಎತ್ತರದಲ್ಲಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿತ್ತು. ಷೆಡ್ಡಿನ ಕಡೆಗೆ ಕಾಣಲಿ ಎಂದು ಈಶಾನ್ಯಕ್ಕೆ ತಿರುಗಿಸಿ ಕಟ್ಟಿತ್ತು. ಅದರ ಕೆಳಗಿನ ಕವಲಿನಲ್ಲಿ ತೊಗಟೆ ಸವೆದು ಬಿಳಿಯ ಮರ ಕಾಣುತ್ತಿತ್ತು. ಅಲ್ಲಿ ಯಾರೋ ಕೂತಿದ್ದಾರೆ, ಸ್ವಲ್ಪ ಹೊತ್ತಲ್ಲ, ಬಹಳ ಹೊತ್ತು ಕೂತಿದ್ದಾರೆ ಎಂದು ದಳದ ಮುಖ್ಯಸ್ಥರೇ ಹೇಳಿದರು. ಎಷ್ಟು ಹೊತ್ತು ಎಂದು ನಾನು ಕೇಳಿದೆ.  ಜಾಕೆಟ್ ಇಲ್ಲದೆ ಈಜಲು ಹೊರಟಿರಬಹುದು, ಇಲ್ಲವೇ ಕೂತಲ್ಲಿಂದಲೇ ಜಾರಿರಬಹುದು ಎಂದರು. ಅಲ್ಲಿಂದ ಹತ್ತಿರದ ದಡಕ್ಕೆ ಮುನ್ನೂರ ಐವತ್ತು ಮೀಟರು.

ಆದರೆ ಹಾಳೆಯಲ್ಲಿ ನಾಲ್ಕು ಹತ್ತಕ್ಕೆ ಕೆಳದಡ ಎಂದು ಇರುವುದರಿಂದ ಲೆಕ್ಕ ಕೂಡುತ್ತಿಲ್ಲ ಎಂದು ಮುಖ್ಯಸ್ಥರು ಅಲ್ಲೇ ಹೇಳಿದರು. ಕೆಳದಡ ತಲುಪಿದವರು ಸುಮಾರು ಮೂರು ಕಿಲೋಮೀಟರು ಹಿಂದಕ್ಕೆ ಯಾಕೆ ಬಂದರು, ದೋಣಿಯನ್ನು ಬೇರೆ ಯಾರಾದರೂ ತಂದು ಕಟ್ಟಿದರೇ, ಇವರು ದಡ ಹತ್ತಿ ಎಲ್ಲಾದರೂ ಹೋದರೇ ಎಂದು ಅನುಮಾನ ಬಂದು, ಅರ್ಧ ಜನರನ್ನು ಕೆಳದಡದ ಕಡೆಯೇ ಇಟ್ಟು, ಇಬ್ಬರನ್ನು ಬಸ್ ನಿಲ್ದಾಣಕ್ಕೆ ಕಳಿಸಿದರು. ಮನೆಯಲ್ಲಿ ಜಗಳ ಏನಾದರೂ ಇತ್ತೇ ಎಂದು ಅಕ್ಕನನ್ನು ಕೇಳಿ ಬರಲು ಒಬ್ಬರು ಹೋದರು.

ಹನ್ನೊಂದು ಗಂಟೆಗೆ ನಾನು ಕ್ಲಬ್ಬಿನ ಗುಮಾಸ್ತೆಯ ಹತ್ತಿರ ಹೋಗಿ, ಆ ಎರಡು ಕಾಲಂಗಳಲ್ಲಿ ಬರೆದದ್ದನ್ನು ಕಂಪ್ಯೂಟರು ಏನು ಮಾಡುತ್ತದೆ ಎಂದು ಕೇಳಿದೆ. ಅವಳು ತೆರೆದು ತೋರಿಸಿದಳು. ಏನೂ ಮಾಡುವುದಿಲ್ಲ ಅಣ್ಣ, ತುಂಬಿದೆಯೋ ಇಲ್ಲವೋ ಅಷ್ಟೇ ನೋಡುತ್ತದೆ, ಅಲ್ಲಿ ಒಂದು ಚುಕ್ಕೆ ಇಟ್ಟಿದ್ದರೂ ಸಾಕಿತ್ತು ಎಂದಳು. ಅದೂ ಅಲ್ಲದೆ ಹತ್ತನೇ ಓಟ ಭಾವನ ಎಂಟರಲ್ಲಿ ಸೇರಿಯೇ ಇಲ್ಲ, ಅದು ತೆಗೆದುಹಾಕಿದ ಓಟ.

ಹನ್ನೊಂದೂವರೆಗೆ ಕಾರ್ಯದರ್ಶಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಾಗಿಲು ಹಾಕಿಕೊಂಡು, ದೋಣಿ ಹೇಗೂ ಸಿಕ್ಕಿದೆ, ಇನ್ನು ಈ ಮಾತಿನಿಂದ ಯಾರಿಗೆ ಏನು ಸಿಗುತ್ತದೆ, ಕ್ಲಬ್ಬು ಮುಚ್ಚುತ್ತದೆ ಅಷ್ಟೇ, ಬರೆದದ್ದು ಬರೆದ ಹಾಗೇ ಇರಲಿ ಎಂದರು. ಅವರು ಬೆದರಿಸಲಿಲ್ಲ. ನೀರು ಕುಡಿಯಲು ಕೊಟ್ಟರು. ನಾನು ಕುಡಿದು ಹೊರಗೆ ಬಂದೆ.

ಹನ್ನೆರಡು ನಲವತ್ತಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಜಗಳ ಇತ್ತೇ ಎಂದು ಕೇಳಲು ಬಂದವರು ಆಗಷ್ಟೇ ಹೋಗಿದ್ದರು. ನಾನು ನಿಂತುಕೊಂಡೇ ಹೇಳಿದೆ, ಕೂರಲಿಲ್ಲ. ನಿಯಮ ಬದಲಾಯಿಸಿದ್ದು, ಹನ್ನೊಂದು ಸಲ ತುಂಬಿದ್ದು, ನಾಲ್ಕು ಹತ್ತು, ನಕ್ಷೆಯ ಮೇಲಿನ ವೃತ್ತ, ಎಲ್ಲವನ್ನೂ ಹೇಳಿದೆ.  ಮುಗಿದ ಮೇಲೆ ಒಂದೇ ಒಂದು ಮಾತು ಕೇಳಿದಳು. ಕಪ್ಪು ಹಿಡಿದು ಬಾಗಿಲಲ್ಲಿ ನಿಂತಾಗ ಅದು ಸುಳ್ಳು ಎಂದು ನಿನಗೆ ಗೊತ್ತಿತ್ತಾ ಎಂದು. ಬಾಗಿಲಲ್ಲಿ ನಿಂತಾಗ ನೆನಪಿಗೆ ಬರಲಿಲ್ಲ, ನಕ್ಷೆ ಹಾಸಿದಾಗ ಗೊತ್ತಿತ್ತು ಎಂದೆ.  ಆಮೇಲೆ ಹೇಳಿದಳು:

"ಹಾಗಾದ್ರೆ ಅವರು ಆ ಮರದ ಮೇಲೆ ಕೂತ್ಕೊಂಡು ನಿನ್ನನ್ನ ಕಾಯ್ತಾ ಇದ್ರು. ಗಾಬರಿಯವನು, ನನ್ನನ್ನ ಹುಡುಕದೆ ಬಿಡಲ್ಲ ಅಂತ."

 ಠಾಣೆಗೆ ಹೋಗು, ಇಲ್ಲಿ ನಿಂತು ನನಗೆ ಹೇಳಿ ಏನು ಪ್ರಯೋಜನ ಎಂದಳು. ಮನೆಯಿಂದ ಠಾಣೆಗೆ ನಾಲ್ಕು ಕಿಲೋಮೀಟರು. ಬಸ್ಸಿಗೆ ಕಾಯದೆ ನಡೆದು ಬಂದೆ, ಅದಕ್ಕೇ ಎರಡು ಗಂಟೆ ಐದು ನಿಮಿಷ ಆಯಿತು. ಬಸ್ಸಿಗೆ ಕಾದಿದ್ದರೆ ಬೇಗ ಬರುತ್ತಿದ್ದೆನೋ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಈ ಹೇಳಿಕೆ ಬರೆಸುತ್ತಿರುವಾಗ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ದಳದ ಮುಖ್ಯಸ್ಥರಿಂದ ಫೋನು ಬಂತು. ದಳದ ಎರಡು, ಕ್ಲಬ್ಬಿನ ಒಂದು, ಮೂರೂ ದೋಣಿಗಳು ಈಗ ಬಂಡೆ ಗುಡ್ಡದ ಹಿಂದೆ ಇವೆ, ಬೆಳಕಿರುವವರೆಗೆ ನೋಡುತ್ತಾರೆ, ನಾಳೆ ಸಂಜೆಯವರೆಗೂ ನೋಡುತ್ತಾರೆ, ಆಮೇಲೆ ತಾನಾಗಿಯೇ ಮೇಲೆ ಬಂದರೆ ತಿಳಿಸುತ್ತಾರೆ ಎಂದು ಮುಖ್ಯ ಪೇದೆಯವರು ಹೇಳಿದರು. ದೋಣಿಯಲ್ಲಿ ನನ್ನನ್ನೂ ಕರೆದುಕೊಂಡು ಹೋಗಬಹುದೇ ಎಂದು ಕೇಳಿದೆ. ಬೇಡ ಎಂದರು.

ಬೇರೆ ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಒಮ್ಮೆ ಓದಿದ್ದೇನೆ. ಸಮಯ ಮತ್ತು ದೂರಗಳು ನಾನು ಹೇಳಿದಂತೆಯೇ ಇವೆ, ಇವುಗಳಲ್ಲಿ ಅಂದಾಜಿನಿಂದ ತುಂಬಿದ್ದು ಒಂದೂ ಇಲ್ಲ, ಸುಮಾರು ಎಂದಿರುವಲ್ಲಿ ಸುಮಾರು ಎಂದೇ ಹೇಳಿದ್ದೇನೆ. ಮುಖ್ಯ ಪೇದೆಯವರು ಮೊದಲ ಬರಹದಲ್ಲಿ ಎರಡು ಕಡೆ ನನ್ನ ಭಾವ ಎಂಬುದರ ಮುಂದೆ ಮೃತ ಎಂದು ಸೇರಿಸಿದ್ದರು. ಇದರ ನಕಲನ್ನು ಅಕ್ಕ ಓದಿಸಿಕೊಳ್ಳುತ್ತಾಳೆ, ಇನ್ನೂ ಸಿಕ್ಕಿಲ್ಲದವರನ್ನು ಹಾಗೆ ಬರೆಯಬೇಡಿ ಎಂದು ಕೇಳಿಕೊಂಡೆ. ಅವರು ಎರಡೂ ಕಡೆ ಹೊಡೆದುಹಾಕಿ ಕಾಣೆಯಾಗಿರುವ ಎಂದು ಬರೆದರು. ಹೊಡೆದುಹಾಕಿದ ಎರಡೂ ಕಡೆ ಪಕ್ಕದಲ್ಲಿ ನಾನು ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಒಳಕೋಣೆ
ದಿನ: ಮಂಗಳವಾರ, ತಿಂಗಳ ಹದಿನೇಳನೇ ತಾರೀಖು, ಮಧ್ಯಾಹ್ನ ಮೂರು ಗಂಟೆ ನಲವತ್ತೊಂದು ನಿಮಿಷ
(ಸಹಿ)